ಗಡುವು ಇಡುವ ಮಹಾಶಯರು

ಎಪ್ಪತ್ತರ ದಶಕದಲ್ಲಿ ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಈ ಮಹಾಶಯರ ಮನೆಗೆ ಹೋಗಿದ್ದರೆ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವೇ ಇರುತ್ತಿರಲಿಲ್ಲ. ಅಲ್ಲಿ 1901ರ ಯುರೋಪು ಒಂದು ಆಟದ ನಕಾಶೆಯಾಗಿ ಹರಡಿಕೊಂಡಿರುತ್ತಿತ್ತು. ಪಕ್ಕದಲ್ಲಿ ಲಕೋಟೆಗಳ ರಾಶಿ, ಮೂಲೆಯಲ್ಲಿ ಸೈಕ್ಲೋಸ್ಟೈಲ್ ಯಂತ್ರ, ಮಹಾಶಯರ ಬೆರಳಿಗೆಲ್ಲ ಶಾಯಿ. ಹಗಲಲ್ಲಿ ಅವರು ಎಲ್ಲೋ ಪಾಠ ಹೇಳುವವರು ಅಥವಾ ಗುಮಾಸ್ತರು. ರಾತ್ರಿಯಾದರೆ ಏಳು ಸಾಮ್ರಾಜ್ಯಗಳಿಗೆ ನ್ಯಾಯಾಧೀಶರು. ಸಂಬಳವಿಲ್ಲ, ಗೆಲ್ಲುವ ಅವಕಾಶವೂ ಇಲ್ಲ. ಅವರ ಕೈಲಿರುವ ಅಧಿಕಾರ ಒಂದೇ: ಗಡುವು ಇಡುವುದು.

ಆಟದ ಹೆಸರು ಡಿಪ್ಲೊಮಸಿ. ಆಲನ್ ಕ್ಯಾಲಮರ್ ಎಂಬ ಅಮೆರಿಕನ್ ಇದನ್ನು 1959ರಲ್ಲಿ ಸ್ವಂತ ಖರ್ಚಿನಲ್ಲಿ 500 ಪ್ರತಿ ಮಾಡಿಸಿ ಮಾರಿದ. ಇದರಲ್ಲಿ ದಾಳವಿಲ್ಲ, ಅದೃಷ್ಟವಿಲ್ಲ. ಏಳು ಜನ ಏಳು ದೇಶ ಹಿಡಿದು, ಒಬ್ಬರಿಗೊಬ್ಬರು ಮಾತು ಕೊಟ್ಟು, ಸಮಯ ನೋಡಿ ಮುರಿಯಬೇಕು. ನಕಾಶೆಯ ಮೂವತ್ತನಾಲ್ಕು ಕೇಂದ್ರಗಳಲ್ಲಿ ಹದಿನೆಂಟು ಯಾರ ವಶವಾಗುತ್ತವೋ ಅವರು ಗೆದ್ದಂತೆ. ಎದುರುಬದುರು ಕೂತು ಆಡುವಾಗ ಒಳಸಂಚಿಗೆ ನಿಯಮ ಕೊಡುವುದು ಮೊದಲ ಸಲ ಅರ್ಧ ಗಂಟೆ, ಆಮೇಲೆ ಪ್ರತಿ ಸಲ ಕಾಲು ಗಂಟೆ. ಆದರೆ ಇಷ್ಟು ಹೊತ್ತು ಸುಳ್ಳು ಹೇಳಿಯೂ ಸ್ನೇಹಿತರಾಗಿ ಉಳಿಯಬಲ್ಲ ಏಳು ಜನ ಒಂದೇ ಊರಲ್ಲಿ ಸಿಗಬೇಕಲ್ಲ? 1963ರಲ್ಲಿ ಬ್ರೂಕ್ಲಿನ್‌ನ ಜಾನ್ ಬೋರ್ಡ್‌ಮನ್ 'ಗ್ರೌಸ್ಟಾರ್ಕ್' ಎಂಬ ಪುಟ್ಟ ಪತ್ರಿಕೆ ಶುರುಮಾಡಿ ಆಟವನ್ನು ಅಂಚೆಗೆ ಹಾಕಿದರು: ಒಳಸಂಚು ಆಟಗಾರರ ನಡುವಿನ ಕಾಗದಗಳಲ್ಲಿ, ನಡೆ ಸಂಪಾದಕರಿಗೆ, ಫಲಿತಾಂಶ ಪತ್ರಿಕೆಯಲ್ಲಿ. ನಮ್ಮ ಮಹಾಶಯರ ವಂಶ ಬೆಳೆದದ್ದು ಅಲ್ಲಿಂದ.

ಗಡುವಿನ ಲೆಕ್ಕ ಮೇಲ್ನೋಟಕ್ಕೆ ಸುಲಭ. ಕಾಗದ ಹೋಗಲು ಮೂರು ದಿನ, ಉತ್ತರ ಬರಲು ಮೂರು ದಿನ. ಕಪ್ಪು ಸಮುದ್ರಕ್ಕೆ ನಾವಿಬ್ಬರೂ ಕಾಲಿಡುವುದು ಬೇಡ ಎಂದು ಟರ್ಕಿ ರಷ್ಯಾಕ್ಕೆ ಬರೆಯಬೇಕು, ರಷ್ಯಾ ಒಪ್ಪಬೇಕು, ಒಪ್ಪಿದ ರಾತ್ರಿಯೇ ಆಸ್ಟ್ರಿಯಾಕ್ಕೆ ಬೇರೆ ಕಾಗದ ಬರೆಯಬೇಕು. ದ್ರೋಹಕ್ಕೂ ಅಂಚೆಚೀಟಿ ಬೇಕು, ದಿನ ಬೇಕು. ಎರಡು ವಾರ ಸಾಲದು. ಐದು ವಾರ ಕೊಟ್ಟರೆ ಯಾರಿಗೆ ಯಾವ ಸುಳ್ಳು ಹೇಳಿದ್ದೆ ಎಂಬುದೇ ಆಟಗಾರನಿಗೆ ಮರೆತುಹೋಗುತ್ತದೆ. ಹಾಗಾಗಿ ಮಹಾಶಯರು ನಾಲ್ಕು ವಾರಕ್ಕೆ ಬಂದು ನಿಲ್ಲುತ್ತಾರೆ. ಆಟದ ಒಂದು ವರ್ಷಕ್ಕೆ ವಸಂತದ್ದೊಂದು, ಶರತ್ಕಾಲದ್ದೊಂದು, ಎರಡು ನಡೆ. 1901ರಿಂದ 1908 ಮುಗಿಯುವಷ್ಟರಲ್ಲಿ ಹೊರಗೆ ಒಂದೂಕಾಲು ವರ್ಷ ಕಳೆದಿರುತ್ತದೆ, ಚಳಿಗಾಲದ ಸೈನ್ಯ ಭರ್ತಿಗೆ ಬೇರೆ ಗಡುವು ಇಡದಿದ್ದರೆ.

ಅಂಚೆ ಚದುರಂಗದವರು ಈ ವಿಷಯದಲ್ಲಿ ಪುಣ್ಯವಂತರು. ಅಲ್ಲಿ ಇಬ್ಬರೇ, ಕಾಗದ ದಾರಿಯಲ್ಲಿದ್ದ ದಿನ ಲೆಕ್ಕಕ್ಕಿಲ್ಲ, ಯೋಚಿಸಿದ ದಿನವಷ್ಟೇ ಲೆಕ್ಕ. ಹತ್ತು ನಡೆಗೆ ಮೂವತ್ತು ದಿನ ಎಂಬುದು ಹಳೆಯ ರೂಢಿ. ಈ ಧಾರಾಳಕ್ಕೆ ಫಲವೂ ಸಿಕ್ಕಿತು: 1987ರಲ್ಲಿ ಶುರುವಾದ ಹತ್ತನೇ ಅಂಚೆ ಒಲಿಂಪಿಯಾಡ್‌ನ ಫೈನಲ್ 1995ರಲ್ಲಿ ಮುಗಿದು ಮೂರನೇ ಸ್ಥಾನ ಪೂರ್ವ ಜರ್ಮನಿಗೆ ಬಂತು. ಆ ದೇಶ ಇಲ್ಲವಾಗಿ ಆಗಲೇ ಐದು ವರ್ಷ.

ಡಿಪ್ಲೊಮಸಿಯಲ್ಲಾದರೋ ಏಳು ಜನರ ನಡೆಯೂ ಒಟ್ಟಿಗೇ ಬಿಚ್ಚಬೇಕು. ಆದ್ದರಿಂದ 'ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ನನ್ನ ಕೈ ಸೇರಬೇಕು. ಅಂಚೆ ಮುದ್ರೆಯ ತಾರೀಖು ನಡೆಯದು' ಎಂದು ಮಹಾಶಯರು ಪತ್ರಿಕೆಯ ತಲೆಯಲ್ಲೇ ದಪ್ಪಕ್ಷರದಲ್ಲಿ ಹಾಕುತ್ತಾರೆ. ಬಾರದಿದ್ದರೆ ಆ ದೇಶದ ಹೆಸರಿನ ಮುಂದೆ 'ಎನ್‌ಎಂಆರ್', ಅಂದರೆ ನಡೆ ಬಂದಿಲ್ಲ ಎಂಬ ಷರಾ. ಸೈನ್ಯವೆಲ್ಲ ನಿಂತಲ್ಲೇ ನಿಲ್ಲುತ್ತದೆ, ನೆರೆಯವನು ಬಂದು ನುಂಗುತ್ತಾನೆ.

ಹನ್ನೆರಡೂ ಐದಕ್ಕೆ ಫೋನು. ಆಸ್ಟ್ರಿಯಾ ಮಾತಾಡುತ್ತಿದೆ: ಪರೀಕ್ಷೆ ಇತ್ತು, ಮನೆ ಬದಲಿಸಿದೆವು, ಹೆಂಡತಿ ಪೋಸ್ಟ್ ಮಾಡಲು ಮರೆತಳು. ಮಹಾಶಯರು ಕರಗುತ್ತಾರೆ. ಕರಗಿದ ಸುದ್ದಿ ಹೇಗೋ ಇಟಲಿಗೆ ಮುಟ್ಟಿ ಬೈಗುಳದ ಕಾಗದ ಬರುತ್ತದೆ. ನಡೆ ಎಷ್ಟೇ ತಡವಾಗಲಿ, ಬೈಗುಳ ಮಾತ್ರ ಒಮ್ಮೆಯೂ ಗಡುವು ತಪ್ಪಿದ್ದಿಲ್ಲ. ಮುಂದಿನ ಸಲ ಕಲ್ಲಾಗಿ ಕೂತರೆ ಆಸ್ಟ್ರಿಯಾ ಮುನಿಸಿಕೊಂಡು ಆಟವನ್ನೇ ಬಿಡುತ್ತದೆ. ಆಗ ಬದಲಿ ಆಟಗಾರನನ್ನು ಹುಡುಕಿ, ಮುಳುಗುತ್ತಿರುವ ಸಾಮ್ರಾಜ್ಯವೊಂದನ್ನು ದಯವಿಟ್ಟು ಸ್ವೀಕರಿಸಿ ಎಂದು ಬೇಡಿಕೊಳ್ಳಬೇಕು. ಹೆಣ್ಣಿನ ಜಾತಕ ಹಿಡಿದು ಮನೆಮನೆ ಅಲೆಯುವ ತಂದೆಯ ಪಾಡು ಅದು.

ಒಬ್ಬರೇ ತಡಮಾಡಿದರೆ ಬೈಯಬಹುದು. ಅಂಚೆ ಇಲಾಖೆಯೇ ನಿಂತರೆ? 1970ರ ಮಾರ್ಚ್ 18ರಂದು ನ್ಯೂಯಾರ್ಕಿನ ಅಂಚೆ ನೌಕರರು ಮುಷ್ಕರ ಹೂಡಿದಾಗ ಅಧ್ಯಕ್ಷ ನಿಕ್ಸನ್ ಕಾಗದ ವಿಂಗಡಿಸಲು ಸೈನಿಕರನ್ನೇ ಕಳಿಸಿದರು. ನಿಜವಾದ ಸೈನ್ಯ ಅಂಚೆ ಕಚೇರಿಯಲ್ಲಿ, ಆಟದ ಸೈನ್ಯ ಲಕೋಟೆಯಲ್ಲಿ! ಮರುವರ್ಷ ಬ್ರಿಟನ್ನಿನ ಸರದಿ: ಜನವರಿ 20ರಿಂದ ಮಾರ್ಚ್ ಮೊದಲ ವಾರದ ತನಕ 47 ದಿನ ಮುಷ್ಕರ. ಅದರ ನಡುವೆ ಆ ದೇಶ ಶಿಲ್ಲಿಂಗ್ ಲೆಕ್ಕವನ್ನೇ ಬಿಟ್ಟು ದಶಮಾಂಶ ನಾಣ್ಯಕ್ಕೆ ಬದಲಾಯಿತು. ಹಾಗೆ ಅಂಚೆ ಸತ್ತು ಬಿದ್ದಿರುವಾಗ ಗಡುವು ಯಾವತ್ತಿಗೆ ಎಂದು ಮಹಾಶಯರು ತಿಳಿಸುವುದಾದರೂ ಹೇಗೆ? ಅದಕ್ಕೂ ಕಾಗದವೇ ಹಾಕಬೇಕು.

ಇಷ್ಟೆಲ್ಲ ಶಿಸ್ತು ಕಲಿಸುವ ಮನುಷ್ಯ ತನ್ನ ಪತ್ರಿಕೆಯನ್ನು ಸಮಯಕ್ಕೆ ತರುತ್ತಾರೆಯೇ ಎಂದು ಮಾತ್ರ ಕೇಳಬೇಡಿ. ಸ್ಟೆನ್ಸಿಲ್ ಹರಿಯಿತು, ಶೀತ ಹಿಡಿಯಿತು, ನೆಂಟರು ಬಂದರು. ನಡೆ ಒಂದು ದಿನ ತಡವಾದದ್ದಕ್ಕೆ ಸೈನ್ಯ ಕಳೆದುಕೊಂಡವರು ಫಲಿತಾಂಶಕ್ಕಾಗಿ ವಾರಗಟ್ಟಲೆ ಕಾಯುತ್ತಾರೆ. ಸಂಪಾದಕರಿಗೆ 'ಎನ್‌ಎಂಆರ್' ಹಾಕುವವರು ಯಾರು?

ಈ ಕಷ್ಟಕ್ಕೆ ಕಂಪ್ಯೂಟರೇ ಮದ್ದೆಂದು ನಂಬಿದವರಿದ್ದರು. ರಿಕ್ ಲೂಮಿಸ್ 1970ರಲ್ಲೇ ಫ್ಲೈಯಿಂಗ್ ಬಫಲೋ ಎಂಬ ಕಂಪನಿ ಕಟ್ಟಿ, ಹಣ ಕಟ್ಟಿಸಿಕೊಂಡು, ಅಂಚೆಯಲ್ಲಿ ಬಂದ ನಡೆಗಳನ್ನು ಕಂಪ್ಯೂಟರಿಗೆ ಉಣಿಸಿದರು. ಕಂಪ್ಯೂಟರಿಗೆ ಹನ್ನೆರಡೂ ಐದರ ಫೋನು ಕೇಳಿಸುವುದಿಲ್ಲ. ಮುಂದೆ 1988ರ ಹೊತ್ತಿಗೆ ಕೆನ್ ಲೋ ಎಂಬವರು ಇಮೇಲ್‌ನಲ್ಲಿ ಡಿಪ್ಲೊಮಸಿ ನಡೆಸುವ 'ಜಡ್ಜ್' ಎಂಬ ಪ್ರೋಗ್ರಾಮ್ ಬರೆದರು. ಮಹಾಶಯರ ಕೆಲಸವೆಲ್ಲ ಅದರ ಪಾಲಾಯಿತು. ನಡೆ ಕಳಿಸಲು ಅದು ಇಡುತ್ತಿದ್ದ ಗಡುವು ಒಂದಲ್ಲ, ಎರಡು: ಮೊದಲನೆಯದು ಗಡುವು, ಎರಡನೆಯದು ಆ ಗಡುವು ಮೀರಿದವರಿಗಾಗಿ ಇಟ್ಟ ರಿಯಾಯಿತಿಯ ಗಡುವು.