ಚಳಿಗೆ ಕಿರುಚುವ ಬ್ರೇಕು

ಡಿಸೆಂಬರಿನ ಮಡಿಕೇರಿಯಲ್ಲಿ ಕೋಳಿಗೆ ಬೆಳಗಿನ ಕೆಲಸ ಅಷ್ಟೇನೂ ಉಳಿದಿರುವುದಿಲ್ಲ. ಮೊದಲ ತಿರುವಿನಲ್ಲೇ ಕಾರುಗಳ ಬ್ರೇಕು ಕಿರುಚಿ ಊರನ್ನೆಬ್ಬಿಸುತ್ತದೆ. ಗ್ಯಾರೇಜಿನ ಬಾಗಿಲು ತೆರೆಯುವ ಮುನ್ನವೇ ಮಾಲೀಕರು ಗಾಬರಿಯಿಂದ ಅಲ್ಲಿ ಹಾಜರು. ನನ್ನ ಪ್ರಕಾರ ಇದು ರೋಗವಲ್ಲ, ಬರೀ ಬೆಳಗಿನ ಗೊಣಗಾಟ. ಡಿಸ್ಕು ಎರಕದ ಕಬ್ಬಿಣದ್ದು. ಪ್ಯಾಡು ಉಜ್ಜುವ ಅದರ ಮೈಗೆ ಬಣ್ಣವಿಲ್ಲ, ಸ್ವೆಟರಂತೂ ಇಲ್ಲವೇ ಇಲ್ಲ. ರಾತ್ರಿ ಇಬ್ಬನಿ ಕೂತರೆ ಬೆಳಗಾಗುವಷ್ಟರಲ್ಲಿ ತೆಳ್ಳನೆಯ ತುಕ್ಕು. ತಣ್ಣಗಾಗಿ ಬಿರುಸಾದ ಪ್ಯಾಡು ಅದರ ಮೇಲೆ ಹಿಡಿದು ಜಾರಿ, ಹಿಡಿದು ಜಾರಿ ನಡುಗುತ್ತದೆ. ಆ ನಡುಕವೇ ನಮ್ಮ ಕಿವಿಗೆ ಬೀಳುವ ಕೀರಲು ದನಿ. ಸಾಕ್ಷಿ ಬೇಕೆ? ನಾಲ್ಕಾರು ಸಲ ಬ್ರೇಕು ಒತ್ತಿ, ತುಕ್ಕು ಉಜ್ಜಿಹೋಗಿ, ಸ್ವಲ್ಪ ಬಿಸಿಯೇರಿದ ಮೇಲೆ ಅದೇ ಕಾರು ಮೌನಿ.

‘ಹೊಸ ಕಾರೂ ಕಿರುಚುತ್ತದಲ್ಲ’ ಎಂದು ಕೇಳುವವರಿಗೆ ಹೇಳಬೇಕಾದ್ದಿಷ್ಟೇ: ಇಬ್ಬನಿ ಆರ್‌ಸಿ ಪುಸ್ತಕ ನೋಡಿ ಬೀಳುವುದಿಲ್ಲ. ‘ಎರಡು ಹನಿ ಎಣ್ಣೆ ಬಿಟ್ಟರಾಯ್ತು’ ಎನ್ನುವ ಮಹಾನುಭಾವರೂ ಇದ್ದಾರೆ. ಸದ್ದೇನೋ ನಿಂತೀತು, ಕಾರು ನಿಲ್ಲದು! ಹಾಗಂತ ಎಲ್ಲ ಕಿರುಚಾಟವನ್ನೂ ಚಳಿಯ ಲೆಕ್ಕಕ್ಕೆ ಬರೆಯುವಂತಿಲ್ಲ. ಅನೇಕ ಪ್ಯಾಡುಗಳಲ್ಲಿ ಒಂದು ಪುಟ್ಟ ಲೋಹದ ಪಟ್ಟಿ ಇರುತ್ತದೆ. ಪ್ಯಾಡು ಸವೆದಾಗ ಅದು ಡಿಸ್ಕಿಗೆ ತಾಗಿ ಬೇಕೆಂದೇ ಕೂಗುತ್ತದೆ. ಮಧ್ಯಾಹ್ನದ ಬಿಸಿಲಲ್ಲೂ ಕೂಗು ನಿಲ್ಲದಿದ್ದರೆ, ಸ್ವಾಮಿ, ತಡಮಾಡದೆ ಗ್ಯಾರೇಜಿಗೆ ಹೋಗಿ.