ಹನ್ನೊಂದು ಕ್ಯಾನು: ಗೆದ್ದಲಿನೊಡನೆ ಒಂದು ಕಾಲ್ಪನಿಕ ಸಂದರ್ಶನ

ಚಳ್ಳಕೆರೆಯ ನಮ್ಮ ಹಳೇ ಮನೆ ಮಾಳಿಗೆ ಮನೆ. ತೊಲೆ, ಜಂತೆ, ಮೇಲೆ ಚೌಳು ಮಣ್ಣು. ಕಳೆದ ತಿಂಗಳು ತಲೆಬಾಗಿಲಿಗೆ ಕೈಯೂರಿ ಚಪ್ಪಲಿ ಬಿಡುತ್ತಿದ್ದೆ, ಹೆಬ್ಬೆರಳು ಚೌಕಟ್ಟಿನೊಳಕ್ಕೆ ಹೋಯಿತು. ಹೊರಗೆ ಹಸಿರು ಎನಾಮಲ್ ಬಣ್ಣ ದೀಪಾವಳಿಗೆ ಬಳಿದಂತೆಯೇ ಹೊಳೆಯುತ್ತಿತ್ತು. ಒಳಗಿದ್ದ ಮರ ಹೋಗಿ ಮಣ್ಣು ತುಂಬಿತ್ತು.

ಗೆದ್ದಲಿಗೆ ಔಷಧಿ ಹಾಕಿಸಲು ಎರಡು ಕಡೆ ವಿಚಾರಿಸಿದೆ. ಒಬ್ಬರು 2,500 ರೂಪಾಯಿ ಅಂದರು. ಇನ್ನೊಬ್ಬರು ಟೇಪು ಹಿಡಿದು ಅಳೆದು 6,608 ಅಂದರು. ಒಂದೇ ಮನೆ, ಅದೇ ಗೆದ್ದಲು. ದರ ಮಾತ್ರ ಎರಡೂವರೆ ಪಟ್ಟಿಗೂ ಮೇಲೆ. ಅದಿರಲಿ, ಆ ಕೊನೆಯ ಎಂಟು ರೂಪಾಯಿ ಎಲ್ಲಿಂದ ಬಂತು ಅನ್ನುವುದೇ ನನ್ನ ತಲೆ ತಿನ್ನತೊಡಗಿತು. ಇಬ್ಬರೂ ತಮ್ಮದೇ ಸರಿ ಅಂದ ಮೇಲೆ ಮೂರನೆಯವರನ್ನು ಕೇಳಲೇಬೇಕಲ್ಲ. ಗೋಡೆಯ ಮೇಲೆ ನರದ ಹಾಗೆ ಹತ್ತಿದ್ದ ಮಣ್ಣಿನ ಗೆರೆಯನ್ನು ಉಗುರಿನಿಂದ ಕೆರೆದೆ. ಒಡೆದ ಕಡೆ ಹಸಿ ಮಣ್ಣು, ಅದರ ನಡುವೆ ಅಕ್ಕಿನುಚ್ಚಿನಷ್ಟು ಗಾತ್ರದ ಒಂದು ಜೀವ ಹೊರಗೆ ಮೂತಿ ಹಾಕಿತು.

ನಾನು: ನಮಸ್ಕಾರ. ಎರಡು ಮಾತು ಆಡಬಹುದಾ?

ಗೆದ್ದಲು: ಬೇಗ ಕೇಳಿ ಯಜಮಾನ್ರೇ. ದಾರಿ ಒಡೆದುಬಿಟ್ರಿ, ಗಾಳಿ ಬಡಿದ್ರೆ ಮೈ ಒಣಗುತ್ತೆ. ಹಿಂದಿರೋರು ಆಗಲೇ ಎಂಜಲಲ್ಲಿ ಮಣ್ಣು ಕಲಸ್ಕೊಂಡು ಮುಚ್ಚೋಕೆ ಬರ್ತಿದ್ದಾರೆ. ನನಗೆ ಕಣ್ಣಿಲ್ಲ, ನಿಮ್ಮ ಮುಖ ಗೊತ್ತಿಲ್ಲ. ನಿಮ್ಮ ಚೌಕಟ್ಟು ಮಾತ್ರ ಚೆನ್ನಾಗಿ ಗೊತ್ತು.

ನಾನು: ಈ ಮನೆಯ ಗೆದ್ದಲಿಗೆಲ್ಲ ನೀವೇ ಮುಖ್ಯಸ್ಥರಾ?

ಗೆದ್ದಲು: ಎಲ್ಲಿಯ ಮುಖ್ಯಸ್ಥರು! ನಾನು ಕೂಲಿಯಾಳು. ಮದುವೆ ಇಲ್ಲ, ಮಕ್ಕಳಿಲ್ಲ, ಭಾನುವಾರ ಇಲ್ಲ. ರಾಣಿಯಮ್ಮ ನೆಲದಡಿಯ ಕೋಣೆಯಲ್ಲಿದ್ದಾಳೆ, ದಿನಕ್ಕೆ ಸಾವಿರಾರು ಮೊಟ್ಟೆ ಇಡ್ತಾಳೆ. ನಿಮ್ಮ ಮರವನ್ನ ನಾವು ಮೋಜಿಗೆ ತಿನ್ನಲ್ಲ. ಅಗಿದು ಕೆಳಗೆ ಒಯ್ದು ಅದರ ಮೇಲೆ ಅಣಬೆ ಬೆಳೀತೀವಿ, ಆಮೇಲೆ ಅದನ್ನ ಉಣ್ತೀವಿ. ಮಳೆ ಬಿದ್ದ ಮೇಲೆ ಹುತ್ತದ ಹತ್ತಿರ ಅಣಬೆ ಎದ್ದಿದೆ ಅಂತ ಚೀಲ ಹಿಡ್ಕೊಂಡು ಹೋಗ್ತೀರಲ್ಲ, ಅದು ನಮ್ಮ ತೋಟದ್ದು. ಅದಕ್ಕೆ ಬಿಲ್ಲು ಕಳಿಸಿದ್ವಾ ಯಾವತ್ತಾದ್ರೂ?

ನಾನು: ಈ ಊರಿಗೆ ಬಂದು ಎಷ್ಟು ಕಾಲವಾಯಿತು?

ಗೆದ್ದಲು: ಬಂದಿದ್ದು ನೀವು. ನಾವು ಇದ್ದೋರು. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ ನೋಡಿ, 1892ರಲ್ಲಿ ಬಿ.ಎಲ್. ರೈಸ್ ಸಾಹೇಬರಿಗೆ ಸಿಕ್ಕಿದ್ದು. ಬಂಡೆ ಮೇಲೆ ಕೆತ್ತಿಸಿದ ಅಂತ ಉಳೀತು. ತಾಳೆಗರಿ ಮೇಲೆ ಬರೆಸಿದ್ರೆ ನಮ್ಮ ಹಿರೀಕರು ಓದಿ ಮುಗಿಸಿರೋರು. ಆ ಶಾಸನದಲ್ಲಿ ಊರಿನ ಹೆಸರೇನು? ಇಸಿಲ. ಮುಂಗಾರಿನಲ್ಲಿ ರೆಕ್ಕೆ ಕಟ್ಕೊಂಡು ಹಾರೋ ನಮ್ಮ ಮಕ್ಕಳಿಗೆ ನೀವೇನಂತೀರಿ? ಈಸಲ ಹುಳ. ಅರ್ಥ ಆಯ್ತಾ?

(ಶಾಸನತಜ್ಞರು ಇದನ್ನು ಒಪ್ಪಲಾರರು. ನಾನೂ ಒಪ್ಪಲಿಲ್ಲ. ಆದರೆ ಆಚೆ ಪೂರ್ತಿ ಗೋಡೆ ಅವರ ವಶದಲ್ಲಿದ್ದುದರಿಂದ ವಾದಕ್ಕೆ ಹೋಗಲಿಲ್ಲ.)

ನಾನು: ದುಡ್ಡಿನ ವಿಷಯಕ್ಕೆ ಬರೋಣ. 2,500 ಸರಿಯೋ, 6,608 ಸರಿಯೋ?

ಗೆದ್ದಲು: 2,500ಕ್ಕೆ ನಮ್ಮ ಪೂರ್ಣ ಬೆಂಬಲ ಇದೆ. ಒಂದು ಸಾರಿ ಬರ್ತಾರೆ, ಬೆನ್ನಿಗೆ ಒಂದು ಕ್ಯಾನು ಏರಿಸ್ಕೊಂಡು ಗೋಡೆ ಬುಡಕ್ಕೆಲ್ಲ ಹೊಡೀತಾರೆ. ಮೇಲೆ ಓಡಾಡ್ತಿದ್ದ ನಾಲ್ಕು ಜನ ಸಾಯ್ತೀವಿ. ವಾಸನೆ ಘಾಟಾಗಿರೋದ್ರಿಂದ ನಿಮಗೂ ಕೆಲಸ ಆಯ್ತು ಅನ್ನೋ ಸಮಾಧಾನ. ಉಳಿದೋರು ಕೆಳಗೆ ಕೂತು ಒಂದು ತಿಂಗಳು ಕಾಯ್ತೀವಿ. ನಮಗೇನು ಅವಸರ?

ನಾನು: 6,608ಕ್ಕೆ?

ಗೆದ್ದಲು: ಬಾಯಿಗೆ ಬಂದ ದರ ಅಲ್ಲ ಅದು. ನಿಮ್ಮ ಮನೆ 700 ಚದರಡಿ. ಚದರಡಿಗೆ ಎಂಟು ರೂಪಾಯಿ ಹಿಡಿದಿದ್ದಾನೆ, 5,600 ಆಯ್ತು. ಮೇಲೆ ಶೇ 18 ಜಿಎಸ್‌ಟಿ, 1,008. ನಿಮ್ಮ ಎಂಟು ರೂಪಾಯಿ ಸಿಕ್ತಾ? ಕಟ್ಟಿದ ಮನೆಗೆ ಚದರಡಿಗೆ ಐದಾರು ರೂಪಾಯಿಯಿಂದ ಹತ್ತು ಹನ್ನೆರಡರ ತನಕ ಕೇಳೋದು ಸಾಮಾನ್ಯ. ನೆಲ ಗ್ರಾನೈಟೋ ಕಡಪ ಕಲ್ಲೋ, ಎಷ್ಟು ಗೋಡೆ, ಎಷ್ಟು ಚೌಕಟ್ಟು, ಎಷ್ಟು ದೂರದಿಂದ ಬರಬೇಕು, ಇದೆಲ್ಲ ನೋಡಿ ಏರುತ್ತೆ, ಇಳಿಯುತ್ತೆ.

ನಾನು: ಔಷಧಿ ಅಷ್ಟು ದುಬಾರಿಯಾ?

ಗೆದ್ದಲು: ಎಲ್ಲರೂ ಅಲ್ಲೇ ಎಡವೋದು. ಬನ್ನಿ, ನಿಮ್ಮ ಮನೆಯದೇ ಲೆಕ್ಕ ಹಾಕೋಣ. ನಾಲ್ಕು ಕೋಣೆ, ಒಂದೊಂದೂ ಹತ್ತು-ಹನ್ನೆರಡು ಅಡಿ. ಒಂದರ ಸುತ್ತಳತೆ 44 ಅಡಿ, ನಾಲ್ಕಕ್ಕೆ 176. ಕಟ್ಟಿದ ಮನೆಗೆ ಗೆದ್ದಲು ಔಷಧಿ ಹೇಗೆ ಹಾಕಬೇಕು ಅನ್ನೋದಕ್ಕೆ ನಿಮ್ಮ ಸರ್ಕಾರದ್ದೇ ಮಾನಕ ಇದೆ, ಐಎಸ್ 6313, ಮೂರನೇ ಭಾಗ. ನೆಲ, ಗೋಡೆ ಕೂಡೋ ಜಾಗದಲ್ಲಿ 300 ಮಿಲಿಮೀಟರಿಗೊಂದು, ಅಂದ್ರೆ ಅಡಿಗೊಂದು ತೂತು. ತೂತು 12 ಮಿಲಿಮೀಟರ್ ಅಗಲ. ಒಂದೊಂದಕ್ಕೂ ಮಣ್ಣು ಕುಡಿಯೋವಷ್ಟು ಔಷಧಿ ನೀರು, ಹೆಚ್ಚೆಂದ್ರೆ ಒಂದು ಲೀಟರು. ಆಮೇಲೆ ಸಿಮೆಂಟ್ ಹಾಕಿ ಮುಚ್ಚಬೇಕು. ಬಾಗಿಲ ಜಾಗ ಬಿಟ್ಟು ಒಂದೆರಡು ಕಮ್ಮಿ ಆಗಲಿ, ಲೆಕ್ಕಕ್ಕೆ 176 ತೂತು ಅನ್ನಿ, 176 ಲೀಟರು. ಬೆನ್ನಿನ ಕ್ಯಾನು 16 ಲೀಟರಿನದು. ಎಷ್ಟು ಸಲ ತುಂಬಬೇಕು?

ನಾನು: ಹನ್ನೊಂದು.

ಗೆದ್ದಲು: ಶಾಲೆಗೆ ಹೋಗಿದ್ದೀರಿ. ಇಮಿಡಾಕ್ಲೋಪ್ರಿಡ್ 30.5 ಅಂತ ಬರುತ್ತಲ್ಲ, ಅದು ಲೀಟರಿಗೆ 2.1 ಮಿಲಿ. ಹನ್ನೊಂದು ಕ್ಯಾನಿಗೂ ಸೇರಿ 370 ಮಿಲಿ, ಒಂದು ಸಣ್ಣ ಬಾಟಲಿ. ಕ್ಲೋರೋಪೈರಿಫಾಸ್ 20 ಆದ್ರೆ ಒಂದು ಪಾಲಿಗೆ ಹತ್ತೊಂಬತ್ತು ಪಾಲು ನೀರು. ನೀವು ದುಡ್ಡು ಕೊಡೋದು ಡ್ರಿಲ್ ಹಿಡಿದು ಮಂಡಿಯೂರಿ 176 ಸಲ ಬಗ್ಗೋ ಆಳಿಗೆ. ಒಂದೇ ಕ್ಯಾನಿಗೆ ಮುಗಿಸಿ ಹೋದ್ರೆ ತೂತಿಗೆ 90 ಮಿಲಿ ಬಿತ್ತು, ಅರ್ಧ ಲೋಟ ಕಾಫಿಯಷ್ಟು. ಅದನ್ನ ಕುಡಿದು ನಾವು ಸಾಯಬೇಕಾ? ದುಡ್ಡು ಕೊಟ್ಟೋರು ಪಡಸಾಲೆಯಲ್ಲಿ ಮೊಬೈಲ್ ನೋಡ್ತಾ ಕೂತಿರ್ತಾರೆ. ಈ ಊರಲ್ಲಿ ಕ್ಯಾನು ಎಣಿಸೋರು ನಾವು ಮಾತ್ರ.

ನಾನು: ಶೇಂಗಾಕ್ಕೆ ತಂದ ಔಷಧಿ ಹೆಚ್ಚುಕಮ್ಮಿ ಎಲ್ಲರ ಮನೆಯ ಅಟ್ಟದ ಮೇಲೂ ಇದೆ. ಅದನ್ನೇ ಹೊಡೆದುಕೊಂಡರೆ?

ಗೆದ್ದಲು: ಎಣ್ಣೆ ನಗರ ಅನ್ನಿಸ್ಕೊಂಡ ಚಳ್ಳಕೆರೆಯವರ ಬಾಯಿಂದ ಈ ಮಾತು ಬರದೇ ಇದ್ರೆ ನನಗೆ ಆಶ್ಚರ್ಯ ಆಗ್ತಿತ್ತು. ಹೊಲದಲ್ಲೂ ನಮ್ಮವರೇ ಇರೋದು. ಕೆಂಪು ಮಣ್ಣು, ಮಳೆ ಕೈಕೊಟ್ಟ ವರ್ಷ, ಆಗ ಶೇಂಗಾದ ತಾಯಿಬೇರು ಕೊರೀತೀವಿ, ಕಾಯಿ ಸಿಪ್ಪೆ ಕೆರೀತೀವಿ. ಕೆರೆದ ಕಾಯಿಗೆ ಬೂಷ್ಟು ಹಿಡಿದು ವಿಷ ಆದ್ರೆ ಮಂಡಿಯಲ್ಲಿ ಬೈಗುಳ ನಿಮಗೆ. ಇರಲಿ. ಹೊಲದ ಔಷಧಿಯನ್ನ ಲೋಟದಲ್ಲಿ ಅಳೆದು, ಅಡುಗೆ ಮಾಡೋ ಮನೆಯಲ್ಲಿ, ಕೈಗೆ ಗ್ಲೌಸಿಲ್ಲದೆ, ಸಂಪಿನ ಮುಚ್ಚಳ ತೆರೆದಿಟ್ಟು ಹೊಡೀತೀರಿ. ಡಬ್ಬಿ ಮೇಲೆ ತ್ರಿಕೋನದ ಬಣ್ಣ ನೋಡಿದ್ದೀರಾ? ಕೆಂಪು ಎಲ್ಲಕ್ಕಿಂತ ಘೋರ, ಆಮೇಲೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ದುಡ್ಡಿಗೆ ಈ ಕೆಲಸ ಮಾಡೋನಿಗೆ 1968ರ ಕೀಟನಾಶಕ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ತೋರಿಸಪ್ಪ ಅಂತ ಕೇಳಿದ್ರೆ ತಪ್ಪೇನಿಲ್ಲ.

ನಾನು: ಸೀಮೆಎಣ್ಣೆ? ಹಳೇ ಎಂಜಿನ್ ಆಯಿಲ್?

ಗೆದ್ದಲು: ಬಳಿದ ಕಡೆ ಹೋಗಲ್ಲ. ಪಕ್ಕದಿಂದ ಹೋಗ್ತೀವಿ.

ನಾನು: ಮೊಳಕಾಲ್ಮೂರಿನಲ್ಲಿ ನಿಮ್ಮ ಕಡೆಯವರು ಹೇಗಿದ್ದಾರೆ?

ಗೆದ್ದಲು: ನಮ್ಮ ಬೀಗರು ಅಲ್ಲಿ ಮಗ್ಗದ ಮನೆಯಲ್ಲಿದ್ದಾರೆ, ನನಗಿಂತ ಸುಖವಾಗಿದ್ದಾರೆ. ಅಲ್ಲಿ ನೇಯೋ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ರೇಷ್ಮೆ ನಮಗೆ ರುಚಿಸಲ್ಲ. ಗುಣಿಮಗ್ಗದ ಕಾಲು ಮರದ್ದು, ನಿಂತಿರೋದು ಮಣ್ಣಲ್ಲಿ, ಅದಕ್ಕಿಂತ ಬೇಕಾ? ಜಕಾರ್ಡ್ ಇರೋ ಮಗ್ಗ ಆದ್ರೆ ಬುಟ್ಟಾದ ಲೆಕ್ಕ ತೂತು ಹೊಡೆದ ರಟ್ಟಿನ ಕಾರ್ಡಿನಲ್ಲಿರುತ್ತೆ. ರಟ್ಟು ನಮಗೆ ಹೋಳಿಗೆ ಇದ್ದಂಗೆ. ಮಗ್ಗದವನು ಮಳೆಗಾಲ ಮುಗಿಸಿ ಕಾರ್ಡಿನ ಕಟ್ಟು ಎತ್ತಿದ್ರೆ ನವಿಲಿಗೆ ಒಂದು ಕಾಲು ಕಮ್ಮಿ ಇರುತ್ತೆ.

ನಾನು: ಅವರಿಗೂ ಇದೇ ದರವಾ?

ಗೆದ್ದಲು: ಕೆಲಸದ ದರ ಇದೇ, ಬಾಡಿಗೆ ಮೇಲೆ. ಅಲ್ಲಿಗೆ ಚಿತ್ರದುರ್ಗದಿಂದಲೋ ಬಳ್ಳಾರಿಯಿಂದಲೋ ಬರಬೇಕು ಅಂದ್ರೆ ಗಾಡಿಗೆ ಡೀಸೆಲು, ಇಬ್ಬರು ಆಳಿನ ಒಂದು ದಿನ. ಸಣ್ಣ ಮನೆಗೆ ಅಂತ ಯಾರೂ ಹೊರಡಲ್ಲ. ಬೀದಿಯ ನಾಲ್ಕು ಮನೆಯವರು ಒಟ್ಟಾಗಿ ಕರೆಸಿದ್ರೆ ಬಾಡಿಗೆ ಹಂಚಿಹೋಗುತ್ತೆ. ಆದ್ರೆ ನಾಲ್ಕು ಮನೆಯವರು ಒಟ್ಟಾಗೋದು ಯಾವಾಗ? ಅದಕ್ಕೇ ನಮಗೆ ಧೈರ್ಯ. ಇನ್ನೊಂದು ಮಾತು, ರೇಷ್ಮೆಹುಳ ಸಾಕೋ ಮನೆ ಆದ್ರೆ ಈ ಇಮಿಡಾಕ್ಲೋಪ್ರಿಡ್ ಹತ್ತಿರ ಸುಳಿಯಬಾರದು. ನಮಗೆ ಹಾಕಿದ್ದು ಮೊದಲು ಆ ಪಾಪದವುಗಳನ್ನ ಕೊಲ್ಲುತ್ತೆ.

ನಾನು: ಜಿರಳೆ, ತಿಗಣೆಗೆ ಎಷ್ಟಾಗುತ್ತದೆ?

ಗೆದ್ದಲು: ಜಿರಳೆ ನಮ್ಮ ದಾಯಾದಿ. ಇರುವೆ ಅಲ್ಲ, ಜಿರಳೆ; ವಿಜ್ಞಾನಿಗಳೇ ಒಪ್ಪಿದ್ದಾರೆ. ದಾಯಾದಿಗಳ ಖರ್ಚು ಯಾವಾಗಲೂ ಕಮ್ಮಿ. ಅಡುಗೆಮನೆಯಲ್ಲಿ ಜೆಲ್ ಚುಕ್ಕೆ ಇಟ್ಟು ಹೋಗೋಕೆ ಸಾವಿರದ ಆಸುಪಾಸು ಕೇಳ್ತಾರೆ. ತಿಗಣೆಗೆ ಅದರ ಎರಡು ಪಟ್ಟು ಇಟ್ಕೊಳ್ಳಿ, ಎರಡು ಸಲ ಬರಬೇಕಾಗುತ್ತೆ, ಮೊಟ್ಟೆ ಒಡೆದು ಮರಿ ಹೊರಗೆ ಬಂದ ಮೇಲೆ ಇನ್ನೊಂದು ಸಲ. ಅವರ ಸಂದರ್ಶನ ಬೇರೆ ಮಾಡ್ಕೊಳ್ಳಿ.

ನಾನು: ಹತ್ತು ವರ್ಷ ಗ್ಯಾರಂಟಿ ಅಂತ ಛಾಪಾಕಾಗದದ ಮೇಲೆ ಬರೆದುಕೊಡುತ್ತಾರಲ್ಲ?

ಗೆದ್ದಲು: ಪಾಯ ತೆಗೆದಾಗಲೇ ಮಣ್ಣಿಗೆ ಔಷಧಿ ಕುಡಿಸಿದ್ರೆ ಆ ಮಾತಿಗೆ ಅರ್ಥ ಇದೆ, ಖರ್ಚೂ ಕಮ್ಮಿ. ಆಗ ನೀವು ತಲೆಬಾಗಿಲಿನ ಕೆತ್ತನೆಗೆ ದುಡ್ಡು ಸುರೀತೀರಿ, ಮಣ್ಣಿಗೆ ಯಾಕೆ ಅಂತೀರಿ. ಕಟ್ಟಿದ ಮೇಲೆ ಮಾಡಿಸೋ ಗ್ಯಾರಂಟಿ ಅಂದ್ರೆ ನಾವು ಮತ್ತೆ ಬಂದ್ರೆ ಅವರೂ ಮತ್ತೆ ಬರ್ತಾರೆ ಅಂತ. ವರ್ಷಕ್ಕೆ ಎಷ್ಟು ಸಲ ಬರ್ತಾರೆ, ಬಂದಾಗ ದುಡ್ಡು ಕೇಳ್ತಾರಾ, ಬರೆಸ್ಕೊಳ್ಳಿ. ನಮ್ಮ ರಾಣಿ ಹತ್ತು ಹದಿನೈದು ವರ್ಷ ಬದುಕೋದುಂಟು. ಕಂಪನಿ ಅಷ್ಟು ವರ್ಷ ಇರುತ್ತಾ ನೋಡ್ಕೊಳ್ಳಿ.

ನಾನು: ನಮ್ಮ ಮೇಲೆ ನಿಮಗೆ ಏನಾದರೂ ದೂರು?

ಗೆದ್ದಲು: ಒಂದೇ ಒಂದು. ನಾಗರಪಂಚಮಿ ದಿನ ಹುತ್ತಕ್ಕೆ ಬಂದು ಅರಿಶಿನ ಕುಂಕುಮ ಇಟ್ಟು ಹಾಲು ಹುಯ್ತೀರಿ. ಹುತ್ತ ಕಟ್ಟಿದ್ದು ಯಾರು? ಹಾವು ಬಾಡಿಗೆ ಕೊಡದೆ ಬಂದು ಸೇರ್ಕೊಂಡಿದ್ದು. ಬಾಡಿಗೆದಾರನಿಗೆ ಹಾಲು, ಮೇಸ್ತ್ರಿಗೆ ಕ್ಲೋರೋಪೈರಿಫಾಸ್!

ನಾನು: ಇಷ್ಟೆಲ್ಲ ಹೇಳಿದಿರಿ. ನಿಮ್ಮವರಿಗೇ ಕುತ್ತು ತಂದ ಹಾಗಾಗಲಿಲ್ಲವೇ?

ಗೆದ್ದಲು: ಹೇಳಿದ ಮಾತ್ರಕ್ಕೆ ಮಾಡೋರು ಯಾರು ಯಜಮಾನ್ರೇ? 6,608 ಅಂದ ತಕ್ಷಣ ‘ಪಕ್ಕದ ಮನೆಯವರು 2,500ಕ್ಕೆ ಮಾಡಿಸಿದ್ರಂತೆ’ ಅಂತೀರಿ. ಪಕ್ಕದ ಮನೆಯಲ್ಲೂ ನಾವೇ ಇರೋದು. ಬರ್ತೀನಿ, ಮಣ್ಣು ಬಂತು.

ಅಷ್ಟರಲ್ಲಿ ಒಳಗಿನಿಂದ ಹಸಿ ಮಣ್ಣಿನ ಉಂಡೆ ಒಂದರ ಪಕ್ಕ ಒಂದು ಕೂತು ಕಿಂಡಿ ಮುಚ್ಚಿತು. ಕಾಫಿ ಕುಡಿದು ಬಂದು ನೋಡಿದರೆ ಗೋಡೆಯ ಗೆರೆ ಇದ್ದ ಹಾಗೇ ಇತ್ತು.

ಟೇಪು ಹಿಡಿದವರಿಗೆ ಫೋನು ಮಾಡಿ ಎಷ್ಟು ಲೀಟರ್ ಹಾಕುತ್ತೀರಿ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ‘ಸಾರ್, ಲೀಟರ್ ಲೆಕ್ಕ ಯಾರೂ ಕೇಳಲ್ಲ,’ ಅಂದರು. ‘ಹಾಕ್ತೀವಿ, ಆದ್ರೆ ನೀರು ನೀವೇ ಕೊಡಬೇಕು.’ ಸೋಮವಾರ ನಲ್ಲಿ ನೀರು ಬರುವ ದಿನ, ಕೆಲಸ ಮಂಗಳವಾರ. 200 ಲೀಟರಿನ ಡ್ರಮ್ಮು ತೊಳೆದಿಟ್ಟಿದ್ದೇನೆ. ಸಂಪಿನ ಮುಚ್ಚಳಕ್ಕೆ ಪ್ಲಾಸ್ಟಿಕ್ ಹೊದಿಸಿದ್ದಾಗಿದೆ. ಎರಡು ದಿನ ಮಕ್ಕಳು ಅಜ್ಜಿ ಮನೆಯಲ್ಲಿರುತ್ತಾರೆ. ಹೊಸ ಚೌಕಟ್ಟಿನ ಮರ, ಬಡಗಿಯ ಕೂಲಿ 6,608ರಲ್ಲಿ ಸೇರಿಲ್ಲ.