ಡ್ರ್ಯಾಗನ್ ಮೂಳೆ ಹೆಂಗ ಕೊಟ್ರಿ?

ಪುಣೆಯ ಹಿಂಜವಡಿಗೆ ಹೊಟ್ಟೆಪಾಡಿಗೆ ಬಂದ ನಮ್ಮ ಹುಬ್ಬಳ್ಳಿ-ಧಾರವಾಡದ ಹುಡುಗರದು ಹಗಲಿಡೀ ಒಂದೇ ಗೋಳು: ಆಫೀಸಿನಲ್ಲಿ ಬರೀ ಟಿಕೆಟ್ ಮುಗಿಸುವುದು, ಎಕ್ಸೆಲ್ ತುಂಬುವುದು, ಇದೂ ಒಂದು ಬಾಳೇ? ಆದ್ದರಿಂದ ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ತೆರೆದು, ಕತ್ತಿ ಹಿರಿದು, ಮಾಯಾಲೋಕ ಹೊಕ್ಕು, ಅಲ್ಲಿ ಎಕ್ಸೆಲ್ ತುಂಬುತ್ತಾರೆ. ಈ ಪಾಳಿಗೆ ಸಂಬಳವಿಲ್ಲ. ಆಟ ಕೊಳ್ಳಲು ಕೈಯಿಂದಲೇ ದುಡ್ಡು ಬಿಚ್ಚಬೇಕು.

2011ರ ‘ಸ್ಕೈರಿಮ್’ ತೆಗೆದುಕೊಳ್ಳಿ. ಲೋಕವನ್ನೇ ನುಂಗುವ ಡ್ರ್ಯಾಗನ್ ಎದ್ದು ಬಂದಿದೆ, ವೀರ ತಡೆಯಬೇಕು. ಆದರೆ ವೀರ ಶುರುವಿನಲ್ಲಿ ಹೊರಬಲ್ಲ ತೂಕ 300, ಮೀರಿದರೆ ಓಡಲಾರ. ಒಂದು ಡ್ರ್ಯಾಗನ್ ಮೂಳೆಯ ತೂಕ 15, ಬೆಲೆ 500. ನಮ್ಮ ಮನೆಯಲ್ಲಿರುವ ಅಕ್ಕನ ಮಗ ಬೆಲೆಯನ್ನು ತೂಕದಿಂದ ಭಾಗಿಸುತ್ತಾನೆ: 33 ಚಿಲ್ಲರೆ, ಅಡ್ಡಿಯಿಲ್ಲ. ಉಂಗುರ ಹಗುರ, ಇರಲಿ. ಕಬ್ಬಿಣದ ಗುರಾಣಿ ಲುಕ್ಸಾನು, ಬಿಸಾಕು. ಅಲ್ಲಿಯತನಕ ಪ್ರಳಯ ಬಾಗಿಲಲ್ಲಿ ಕಾಯುತ್ತಿರುತ್ತದೆ, ಪಾಪ. ಕಂಡವರ ಮನೆ ಹೊಕ್ಕು ತಟ್ಟೆ, ಪೊರಕೆ, ಚೀಸಿನ ಗಡ್ಡೆ ಬಿಡದೆ ಎತ್ತುವ ಈ ಚತುರನಿಗೆ ಕೆಳಗಿನ ಭಾಜಿವಾಲಾನ ಹತ್ತಿರ ಕೊತ್ತಂಬರಿ ತಾ ಎಂದರೆ ಮೆಂತ್ಯ ತರುತ್ತಾನೆ.

ಕೂಡಿಟ್ಟದ್ದನ್ನು ಬಳಸುತ್ತಾನೆಯೇ? ಅದೂ ಇಲ್ಲ. ಜೀವ ಉಳಿಸುವ ಕಷಾಯದ ಸೀಸೆಗಳನ್ನು ‘ಕಡೀ ರಾಕ್ಷಸಗ ಬೇಕಾಗ್ತಾವ’ ಎಂದು ಎತ್ತಿಡುತ್ತಾನೆ. ಕಡೆಯ ರಾಕ್ಷಸ ಬಂದ, ಸತ್ತ. ಸೀಸೆಗಳು ಅಜ್ಜಿ ಅಟ್ಟಕ್ಕೆ ಏರಿಸಿದ ಹಿತ್ತಾಳೆ ಕೊಳಗದಂತೆ ಮುಕ್ಕಾಗದೆ ಉಳಿದವು.

ಈ ಮಂದಿಯ ನಾಡಿ ಹಿಡಿದವರು ‘ಗೆನ್‌ಶಿನ್ ಇಂಪ್ಯಾಕ್ಟ್’ನ ಚೀನೀಯರು. ಅಲ್ಲಿ ಒಳ್ಳೆಯ ಸಾಮಗ್ರಿ ಕೈಸೇರಲು ರೆಸಿನ್ ಬೇಕು. ಎಂಟು ನಿಮಿಷಕ್ಕೆ ಒಂದರಂತೆ ಅದು ತಾನೇ ಹುಟ್ಟುತ್ತದೆ. ಬಹುಕಾಲ 160ಕ್ಕೆ ನಿಲ್ಲುತ್ತಿತ್ತು, ಎಂದರೆ 21 ಗಂಟೆ 20 ನಿಮಿಷ. ಅಷ್ಟರೊಳಗೆ ಬಂದು ಖರ್ಚು ಮಾಡದಿದ್ದರೆ ಮುಂದಿನದು ಹುಟ್ಟುವುದೇ ಇಲ್ಲ. 2024ರಲ್ಲಿ ಮಿತಿಯನ್ನು 200ಕ್ಕೆ ಏರಿಸಿದರು: 26 ಗಂಟೆ 40 ನಿಮಿಷ. ದಿನಕ್ಕೊಮ್ಮೆ ಹಾಜರಿ ಹಾಕಿದರೆ ಸಾಕಾಯಿತಲ್ಲ ಎಂದು ಆಡುವವರು ಹಿಗ್ಗಿದರು. ದುಡ್ಡು ಪಡೆದು ದುಡಿಸಿ, ಹಾಜರಿಯಲ್ಲಿ ರಿಯಾಯಿತಿ ಕೊಟ್ಟು ಜೈಕಾರವನ್ನೂ ಹಾಕಿಸಿಕೊಳ್ಳುವ ಮಾಲೀಕ ಹಿಂಜವಡಿಯಲ್ಲೂ ಹುಟ್ಟಿಲ್ಲ. ಸೊಸೈಟಿಗೆ ನೀರಿನ ಟ್ಯಾಂಕರ್ ಬಂತೋ ಇಲ್ಲವೋ ಅರಿಯದ ನಮ್ಮ ಹುಡುಗ ರೆಸಿನ್ ತುಂಬುವ ಹೊತ್ತಿಗೆ ಅಲಾರಾಂ ಇಡುತ್ತಾನೆ. ಊಟಕ್ಕೆ ಕರೆದರೆ ‘ಎಂಟ ನಿಮಿಷ ತಡೀರಿ ಮಾಮಾ’.

ಇದೇ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರು 2020ರಲ್ಲಿ ‘ರಾಜಿ’ ಎಂಬ ಆಟ ತಂದರು. ಅಸುರರು ಹೊತ್ತೊಯ್ದ ತಮ್ಮನನ್ನು ಅರಸುತ್ತ ಹೊರಟ ಹುಡುಗಿಯ ಕಥೆ. ಬೆನ್ನಿಗೆ ದುರ್ಗೆ, ವಿಷ್ಣು. ಊರಿನ ಆಟವೆಂದು ಆಸೆಯಿಂದ ಕೊಡಿಸಿದೆ. ಮುಗಿಸಿ ಎದ್ದವನ ತೀರ್ಪು: ‘ಛಲೋ ಐತ್ರಿ, ಆದ್ರ ಗಂಟು ಕಟ್ಟಾಕ ಏನೂ ಇಲ್ಲ.’ ಹೌದಲ್ಲ, ತಮ್ಮನ ತೂಕವೆಷ್ಟು, ಬೆಲೆಯೆಷ್ಟು ಎಂದು ಅವರು ಎಲ್ಲೂ ಬರೆದಿಲ್ಲ.

ಇಂಥ ವೀರರಿರುವ ಮನೆಯವರಲ್ಲಿ ಒಂದು ಬಿನ್ನಹ. ಊಟಕ್ಕೆ ಕರೆದು ಗಂಟಲು ಹರಿದುಕೊಳ್ಳಬೇಡಿ. ರೊಟ್ಟಿಯನ್ನು ಎಂಟು ನಿಮಿಷಕ್ಕೊಂದರಂತೆ ಬಡಿಯಿರಿ. ನಾಲ್ಕಾದ ಮೇಲೆ ಒಲೆ ಬಂದ್ ಎಂದು ಸಾರಿಬಿಡಿ. ತಟ್ಟೆ ಹಿಡಿದು ತಾನೇ ಬರುತ್ತಾನೆ.